ಹೊಸ ಸ್ಕಿಮ್ಮರ್ ಕೂರಿಸಿದ ರಾತ್ರಿ ಆಟೋ ಟಾಪ್ ಅಪ್ ಆನ್ ಇಟ್ಟು ಮಲಗಬೇಡಿ

ಮಂಗಳೂರು, ಉಡುಪಿ ಕಡೆ ಉಪ್ಪುನೀರಿನ ಟ್ಯಾಂಕ್ ಇಟ್ಟವರು, ಇಡಬೇಕು ಅಂತ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಮನೆಯಲ್ಲಿ ಹೊಸ ಪ್ರೋಟೀನ್ ಸ್ಕಿಮ್ಮರ್ ಕೂರಿಸಿದ ಮೊದಲ ರಾತ್ರಿಯೇ ಕ್ಲೀನರ್ ಸೀಗಡಿಗಳೆಲ್ಲ ಸತ್ತವು. ಲೆದರ್ ಕೋರಲ್ (ಒಂದು ಜಾತಿಯ ಮೆದು ಹವಳ) ಮುದುಡಿದ್ದು ಇನ್ನೂ ಸರಿಯಾಗಿ ಅರಳಿಲ್ಲ. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಅದನ್ನು ಕೂರಿಸಿದ ರೀತಿ ತಪ್ಪಾಗಿತ್ತು. ಸಾಲದ್ದಕ್ಕೆ ಆಮೇಲೆ ಅಂಗಡಿಯವರು, ಚೆನ್ನಾಗಿಯೇ ಇದ್ದ ಪಂಪ್ ಸುಟ್ಟಿದೆ ಅಂತ ಹೇಳಿ ಹೊಸದನ್ನು ಮಾರಲು ನೋಡಿದರು. ಅಂಗಡಿಯ ಹೆಸರು ಬರೆಯುವುದಿಲ್ಲ. ಹೆಸರು ತಿಳಿದರೆ ಆ ಒಂದು ಅಂಗಡಿ ತಪ್ಪುತ್ತದೆ ಅಷ್ಟೆ. ಏನಾಯಿತು, ಯಾಕಾಯಿತು ಅಂತ ತಿಳಿದರೆ ಎಲ್ಲಿ ತಗೊಂಡರೂ ಟ್ಯಾಂಕ್ ಉಳಿಯುತ್ತದೆ.

ಹೊಸಬರಿಗಾಗಿ ಸ್ಕಿಮ್ಮರ್ ಏನು ಮಾಡುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಮಳೆಗಾಲದಲ್ಲಿ ಪಣಂಬೂರು ಕಡಲಿನ ದಡದಲ್ಲಿ ಹಳದಿ ಬಣ್ಣದ ನೊರೆ ಗುಡ್ಡೆ ಬಿದ್ದಿರುತ್ತದೆ ಅಲ್ವಾ? ಸ್ಕಿಮ್ಮರ್ ಮಾಡುವುದೂ ಅದನ್ನೇ. ನೀರಿನಲ್ಲಿ ಕರಗಿದ ಜೈವಿಕ ಕೊಳೆ ಗಾಳಿಗುಳ್ಳೆಯ ಮೈಗೆ ಅಂಟಿಕೊಳ್ಳುತ್ತದೆ. ಗುಳ್ಳೆ ಮೇಲೇರಿ ಗಟ್ಟಿ ನೊರೆಯಾಗಿ ಸ್ಕಿಮ್ಮರಿನ ತಲೆಯ ಮೇಲಿರುವ ಕಪ್ಪಿಗೆ (ಕೊಳೆ ಸೇರುವ ಪಾತ್ರೆಗೆ) ಬೀಳುತ್ತದೆ. ಮೀನಿನ ಹೇಲು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುವ ಮೊದಲೇ ಒಂದಷ್ಟು ಕೊಳೆ ಹೀಗೆ ಹೊರಗೆ ಹೋಗುತ್ತದೆ. ಉಪ್ಪುನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡದಾಗುವುದಿಲ್ಲ, ಸಣ್ಣದಾಗಿಯೇ ಉಳಿಯುತ್ತವೆ. ಹಾಗಾಗಿ ಈ ಸ್ಕಿಮ್ಮರ್ ಸಿಹಿನೀರಿನ ಟ್ಯಾಂಕಿಗೆ ಹೆಚ್ಚು ಪ್ರಯೋಜನ ಇಲ್ಲ.

ನಮ್ಮದು ಎಲ್ಲ ಸೇರಿ ಸುಮಾರು 250 ಲೀಟರ್ ನೀರು. ಟ್ಯಾಂಕಿನ ಸ್ಟ್ಯಾಂಡ್ ಒಳಗೆ ಗಾಜಿನ ಸಂಪ್ ಉಂಟು, ಅಂದರೆ ಟ್ಯಾಂಕಿನ ನೀರು ಇಳಿದು ಬಂದು ಪಂಪಿನಿಂದ ಮತ್ತೆ ಮೇಲೆ ಹೋಗುವ ಕೆಳಗಿನ ತೊಟ್ಟಿ. ಪಕ್ಕದಲ್ಲಿ 50 ಲೀಟರಿನ ಡ್ರಮ್ಮಿನಲ್ಲಿ ಆರ್‌ಒ ನೀರು. ಸಂಪಿನ ನೀರು ಆವಿಯಾಗಿ ಇಳಿದರೆ ಫ್ಲೋಟ್ ಗುರುತಿಸಿ ಡ್ರಮ್ಮಿನಿಂದ ಸಿಹಿನೀರು ತುಂಬುವ ಆಟೋ ಟಾಪ್ ಅಪ್ ಇದೆ. ಉಪ್ಪು ಆವಿಯಾಗುವುದಿಲ್ಲ, ನೀರು ಮಾತ್ರ ಆವಿಯಾಗುತ್ತದೆ. ಅದಕ್ಕೆ ಸಿಹಿನೀರು ತುಂಬುವುದು. ವ್ಯವಸ್ಥೆ ಸರಿಯೇ.

ಅಂಗಡಿಯಿಂದ ಬಂದ ಹುಡುಗ ಸ್ಕಿಮ್ಮರನ್ನು ನೇರವಾಗಿ ಸಂಪಿನ ತಳಕ್ಕೆ ಇಟ್ಟ. ಅಲ್ಲಿ ನೀರು ಹತ್ತಿರ ಹತ್ತಿರ 11 ಇಂಚು ಇತ್ತು. ಪೆಟ್ಟಿಗೆಯಲ್ಲಿದ್ದ ಕೈಪಿಡಿಯಲ್ಲಿ 7 ಇಂಚು ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ. ಕೆಳಗೆ ಒಂದು ಸ್ಟ್ಯಾಂಡ್ ಕೊಟ್ಟು ಎತ್ತರಿಸಬೇಕಿತ್ತು. ಕೂರಿಸುವಾಗ ನೀರು ಚೆಲ್ಲಿತು ಅಂತ ಸಂಪಿಗೆ ನಳದ ನೀರು ಒಂದು ಬಕೆಟ್ ಹಾಕಿ, ಕ್ಲೋರಿನ್ ಹೋಗಲಿ ಅಂತ ಅದಕ್ಕೆ ಕಂಡೀಷನರ್ ಸುರಿದ. ಮೀನಿನ ಮೈಗೆ ಲೋಳೆ ರಕ್ಷಣೆ ಕೊಡುತ್ತದೆ ಅಂತ ಬಾಟಲಿ ಮೇಲೆ ಬರೆದಿರುತ್ತದಲ್ಲ, ಆ ಥರದ್ದು. ಕಪ್ಪಿನ ತಳದ ಡ್ರೈನ್ ಪೈಪನ್ನು ಸಂಪಿನ ಹೊರಗೆ ಇಟ್ಟ ಒಂದು ಕ್ಯಾನಿಗೆ ಬಿಟ್ಟ. "ಇನ್ನು ನೀವು ಮುಟ್ಟುವುದೇ ಬೇಡ ಸರ್, ಎಲ್ಲ ಸೆಟ್ ಉಂಟು" ಅಂದು ಹೊರಟ.

ಹೊಸ ಸ್ಕಿಮ್ಮರ್ ಮೊದಲ ಕೆಲವು ದಿನ ಹುಚ್ಚಾಪಟ್ಟೆ ಇರುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ತಯಾರಿಕೆಯ ಎಣ್ಣೆ ಜಿಡ್ಡು ಇರುತ್ತದೆ. ಅದು ಹೋಗಿ ಒಳಗೋಡೆಗೆ ತೆಳು ಲೋಳೆ ಹಿಡಿಯುವವರೆಗೆ ನೊರೆ ಒಂದು ಹದಕ್ಕೆ ಬರುವುದಿಲ್ಲ. ಒಂದು ವಾರ, ಕೆಲವೊಮ್ಮೆ ಎರಡು ವಾರ ಬೇಕು. ಇದು ಎಲ್ಲ ಸ್ಕಿಮ್ಮರಿಗೂ ಇದ್ದದ್ದೇ. ಮೇಲಿನಿಂದ ಆ ಕಂಡೀಷನರ್. ಅದು ನೀರಿಗೆ ಬಿದ್ದರೆ ಯಾವ ಸ್ಕಿಮ್ಮರ್ ಆದರೂ ಉಕ್ಕುತ್ತದೆ. ಕೋರಲ್ ಅಂಟಿಸುವ ಎಪಾಕ್ಸಿ, ಸರಿಯಾಗಿ ಒಣಗದ ಸಿಲಿಕೋನ್, ಕೆಲವು ಔಷಧಿಗಳು, ಕೈಯಲ್ಲಿ ಉಳಿದ ಸೋಪು ಇವೂ ಹಾಗೇ ಮಾಡುತ್ತವೆ.

ಈಗ ಮುಖ್ಯವಾದ ಮಾತು. ಸ್ಕಿಮ್ಮರ್ ಉಕ್ಕಿ ಉಪ್ಪುನೀರನ್ನು ಹೊರಗಿನ ಕ್ಯಾನಿಗೆ ಕಳಿಸಿತು. ಕ್ಯಾನ್ ತುಂಬಿ ನೆಲಕ್ಕೆ ಹರಿಯಿತು. ಸಂಪಿನ ನೀರು ಇಳಿಯಿತು. ಆಟೋ ಟಾಪ್ ಅಪ್ಪಿಗೆ ಇದು ಆವಿಯಾದ ನೀರೋ, ಚೆಲ್ಲಿದ ನೀರೋ ಅಂತ ಗೊತ್ತಾಗುವುದಿಲ್ಲ. ಅದು ಸಿಹಿನೀರು ತುಂಬಿತು. ಮಟ್ಟ ಮತ್ತೆ ಏರಿತು, ಸ್ಕಿಮ್ಮರ್ ಮತ್ತೆ ಉಕ್ಕಿತು. ಟಾಪ್ ಅಪ್ ಆಫ್ ಇದ್ದಿದ್ದರೆ ಸಂಪಿನ ನೀರು ಒಂದೆರಡು ಇಂಚು ಇಳಿದು, ನೊರೆಯೂ ಕೆಳಗಿಳಿದು, ಉಕ್ಕುವುದು ತಾನಾಗಿ ನಿಲ್ಲುತ್ತಿತ್ತು. ಆನ್ ಇದ್ದುದರಿಂದ ಡ್ರಮ್ ಖಾಲಿಯಾಗುವವರೆಗೂ ನಡೆಯಿತು.

ಬೆಳಗಿನ ಜಾವ ಅಮ್ಮನ ಕಾಲಿಗೆ ನೀರು ಸಿಕ್ಕಿತು. "ಎಂತದಿದು, ಮಳೆನೀರು ಒಳಗೆ ಬಂತಾ?" ಅಂತ ಕೂಗಿದರು. ನೋಡಿದರೆ ಹಾಲ್ ತುಂಬ ಜಿಗುಟು ಉಪ್ಪುನೀರು. ಎಕ್ಸ್‌ಟೆನ್ಶನ್ ಬೋರ್ಡ್ ಸ್ಟ್ಯಾಂಡಿನ ತಳದಲ್ಲೇ ಆ ಹುಡುಗ ಇಟ್ಟು ಹೋಗಿದ್ದ. ನೀರು ಅದರ ಅಂಚಿಗೆ ಬಂದಿತ್ತು. ನನಗೆ ಈಗಲೂ ಮೈ ಜುಮ್ ಅನ್ನುವುದು ಇದೇ. ಸೀಗಡಿ ಹೋದರೆ ದುಃಖ. ಅಮ್ಮ ಬರಿಗಾಲಲ್ಲಿ ಆ ನೀರಿನಲ್ಲಿ ನಿಂತಿದ್ದರು. ಬೋರ್ಡನ್ನು ಗೋಡೆಗೆ, ನೀರಿನ ಮಟ್ಟಕ್ಕಿಂತ ಮೇಲೆ ಹೊಡೆಸಿ. ವೈರನ್ನು ಪ್ಲಗ್ಗಿಗಿಂತ ಕೆಳಗೆ ಒಂದು ಬಾಗು ಕೊಟ್ಟು ತನ್ನಿ, ಆಗ ಹನಿ ಪ್ಲಗ್ಗಿಗೆ ಹೋಗದೆ ಅಲ್ಲೇ ತೊಟ್ಟಿಕ್ಕುತ್ತದೆ. ಮನೆಯಲ್ಲಿ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಸ್ಕಿಮ್ಮರಿಗಿಂತ ಮೊದಲು ಅದನ್ನು ಹಾಕಿಸಿ.

ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಇಟ್ಟು ನೋಡಿದೆವು. 35 ಪಿಪಿಟಿ (ಸಾವಿರ ಪಾಲು ನೀರಿನಲ್ಲಿ 35 ಪಾಲು ಉಪ್ಪು) ಇದ್ದ ಉಪ್ಪಿನಂಶ 29ಕ್ಕೂ ಕೆಳಗಿತ್ತು. ಲೆಕ್ಕ ಹಾಕಿದರೆ ಸುಮಾರು ಒಂದೂವರೆ ಕಿಲೋ ಉಪ್ಪು ನೆಲದ ಪಾಲು. ಕ್ಲೌನ್ ಮೀನುಗಳು ತಡೆದುಕೊಂಡವು. ಮೀನು ಇಷ್ಟು ಇಳಿತ ಸಹಿಸುತ್ತದೆ, ಸೀಗಡಿ ಸಹಿಸುವುದಿಲ್ಲ. ಅಂಗಡಿಗೆ ಫೋನ್ ಮಾಡಿದರೆ "ಉಪ್ಪು ಸಂಪಿಗೆ ಹಾಕಿಬಿಡಿ, ಸರಿ ಆಗ್ತದೆ" ಅಂದರು. ಹಾಗೆ ಮಾಡಬೇಡಿ. ಉಪ್ಪನ್ನು ಬೇರೆ ಬಕೆಟ್ಟಿನಲ್ಲಿ ಪೂರ್ತಿ ಕರಗಿಸಿ, ದಿನಕ್ಕೆ 1-2 ಪಿಪಿಟಿಗಿಂತ ಜಾಸ್ತಿ ಏರದಂತೆ ನೀರು ಬದಲಿಸುತ್ತ ಬನ್ನಿ. ಇಳಿದದ್ದಕ್ಕಿಂತ ಗಬಕ್ಕನೆ ಏರಿಸುವುದು ಉಳಿದ ಜೀವಗಳಿಗೆ ಇನ್ನೂ ಕಷ್ಟ.

ಸ್ಕಿಮ್ಮರ್ ಎತ್ತರ ಸರಿ ಮಾಡಿದ ಮೇಲೆ ಉಕ್ಕುವುದು ನಿಂತಿತು. ಸ್ವಲ್ಪ ಕಾಲ ಕಪ್ಪಿಗೆ ಕಡುಕಂದು ನೀರು ಚೆನ್ನಾಗಿಯೇ ಬಂತು. ಆಮೇಲೆ ನೊರೆ ಕಡಿಮೆಯಾಗುತ್ತ ಒಂದು ದಿನ ಪೂರ್ತಿ ನಿಂತಿತು. ಅದೇ ಅಂಗಡಿಯವರು ಬಂದು ನೋಡಿ, "ಮೋಟರ್ ಸುಟ್ಟಿದೆ, ನೀವು ಇನ್ವರ್ಟರಿಗೆ ಹಾಕಿದ್ದಕ್ಕೆ ಹೀಗಾಗಿದೆ, ವಾರಂಟಿ ಬರುವುದಿಲ್ಲ" ಅಂದರು. ಸ್ಕಿಮ್ಮರನ್ನು ಇನ್ವರ್ಟರಿಗೆ ಕೊಟ್ಟೇ ಇರಲಿಲ್ಲ. ಕಡಿಮೆಗೆ ಕೊಡುತ್ತೇನೆ ಅಂತ ಒಂದು ಸೆಕೆಂಡ್ ಹ್ಯಾಂಡ್ ಪಂಪ್ ತೋರಿಸಿದರು. ತಿರುಗಿಸಿ ತಳದ ಸ್ಟಿಕ್ಕರ್ ಓದಿದೆ: 110 ವೋಲ್ಟ್, 60 ಹರ್ಟ್ಜ್. ನಮ್ಮಲ್ಲಿ ಬರುವುದು 230 ವೋಲ್ಟ್, 50 ಹರ್ಟ್ಜ್. ಪ್ಲಗ್ಗಿಗೆ ಹಾಕಿದ್ದರೆ ಕಾಯಿಲ್ ಅಲ್ಲೇ ಸುಡುತ್ತಿತ್ತು.

ಅವರು ಹೋದ ಮೇಲೆ ನಾನೇ ಬಿಚ್ಚಿ ನೋಡಿದೆ. ಮೋಟರ್ ತಿರುಗುತ್ತಿತ್ತು, ಗಾಳಿ ಮಾತ್ರ ಹೋಗುತ್ತಿರಲಿಲ್ಲ. ಗಾಳಿ ಎಳೆಯುವ ಸಣ್ಣ ಟ್ಯೂಬ್ ಪಂಪಿಗೆ ಸೇರುವ ಕಡೆ ಒಳಗೆ ಬಿಳಿ ಉಪ್ಪು ಗಟ್ಟಿಯಾಗಿ ಕಟ್ಟಿ, ಸೂಜಿ ತೂರುವಷ್ಟೂ ಜಾಗ ಇರಲಿಲ್ಲ. ಬಿಸಿನೀರು ಹಾಕಿ, ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆರೆದೆ. ಹರಳು ಪುಡಿಯಾಗಿ ಬಂತು. ಪಂಪ್ ಆನ್ ಮಾಡಿದ ತಕ್ಷಣ ಟ್ಯೂಬಿನ ತುದಿ ಸುಯ್ ಅಂತ ಗಾಳಿ ಎಳೆಯತೊಡಗಿತು. ಸ್ಕಿಮ್ಮರಿನ ಒಳಗಿನ ನೀರು ಬುಡದಿಂದ ಮೇಲಕ್ಕೆ ಬೆಳ್ಳಗಾಗುತ್ತ ಹೋಯಿತು. ಒಂದು ಪೈಸೆ ಖರ್ಚಿಲ್ಲದ ರಿಪೇರಿಗೆ ಹೊಸ ಪಂಪಿನ ದುಡ್ಡು ಕೇಳಿದ್ದರು.

ಹಾಗಾಗಿ ನೊರೆ ನಿಂತರೆ ಮೊದಲು ಟ್ಯೂಬಿನ ತುದಿಗೆ ಬೆರಳು ಇಟ್ಟು ನೋಡಿ. ಎಳೆಯುವುದು ಗೊತ್ತಾಗದಿದ್ದರೆ ಹೆಚ್ಚಾಗಿ ಉಪ್ಪು ಕಟ್ಟಿರುತ್ತದೆ. ಆಗಾಗ ಸ್ವಲ್ಪ ಬಿಸಿ ಆರ್‌ಒ ನೀರು ಎಳೆಸಿದರೆ ಕಟ್ಟುವುದಿಲ್ಲ. ಗಾಳಿ ಸರಿ ಇದ್ದರೆ ಇಂಪೆಲ್ಲರ್ (ಪಂಪಿನ ಒಳಗೆ ತಿರುಗುವ ಚಕ್ರ) ತೆಗೆದು ನೋಡಿ. ಸುಣ್ಣ ಹಿಡಿದಿದ್ದರೆ ವಿನೆಗರ್ ನೀರಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು ಹಾಕಿ. ಕಪ್ಪಿನ ಕುತ್ತಿಗೆಗೆ ಜಿಡ್ಡು ಹಿಡಿದರೂ ನೊರೆ ಏರುವುದಿಲ್ಲ. ಬರೀ ನೀರಿನಲ್ಲಿ ಉಜ್ಜಿ ತೊಳೆಯಿರಿ. ಸೋಪು, ವಿಮ್ ಬೇಡವೇ ಬೇಡ. ಎಣ್ಣೆ ಅಂಶದ ಆಹಾರ ಹಾಕಿದ ಮೇಲೆ ಕೆಲವು ಗಂಟೆ ನೊರೆ ಕುಸಿಯುವುದು ಸಹಜ, ಅದು ತಾನಾಗಿ ಏರುತ್ತದೆ.

ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತು. ಕಡಲು ಹತ್ತಿರವೇ ಉಂಟಲ್ಲ ಅಂತ ಕಡಲ ನೀರು ತಂದು ಹಾಕುವವರು ಇದ್ದಾರೆ. ಮಳೆಗಾಲದಲ್ಲಿ ಬೇಡ. ನೇತ್ರಾವತಿ, ಫಲ್ಗುಣಿ ಎರಡೂ ಬೆಂಗ್ರೆ ಅಳಿವೆಯಲ್ಲಿ ಕೆಂಪು ನೀರು ಸುರಿಯುತ್ತಿರುತ್ತವೆ. ಆ ಸುತ್ತಿನ ಕಡಲ ನೀರಿನಲ್ಲಿ ಉಪ್ಪು ಕಡಿಮೆ, ಮಣ್ಣು ಜಾಸ್ತಿ. ಉಪ್ಪು ಕಡಿಮೆಯಾದರೆ ಗುಳ್ಳೆ ದಪ್ಪವಾಗಿ ಸ್ಕಿಮ್ಮರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಮಲ್ಪೆ ಬಂದರಿನ ಒಳಗಿನ ನೀರಂತೂ ಯಾವ ಕಾಲಕ್ಕೂ ಬೇಡ. ಅಷ್ಟು ಬೋಟುಗಳ ಡೀಸೆಲ್ ಜಿಡ್ಡು ಇರುತ್ತದೆ.

ಮಳೆಗಾಲದಲ್ಲಿ ಕರೆಂಟು ಹೋಗಿ ಬರುತ್ತಲೇ ಇರುತ್ತದೆ. ಹೋದಾಗ ಟ್ಯಾಂಕಿನ ನೀರು ಸಂಪಿಗೆ ಇಳಿದು ಮಟ್ಟ ಏರುತ್ತದೆ. ಬಂದ ಕೂಡಲೇ ಸ್ಕಿಮ್ಮರ್ ಆ ಏರಿದ ನೀರಿನಲ್ಲೇ ಶುರುವಾಗಿ ಉಕ್ಕಬಹುದು. ಸಂಪಿನ ನೀರನ್ನು ಟ್ಯಾಂಕಿಗೆ ಏರಿಸುವ ರಿಟರ್ನ್ ಪಂಪ್ ಮೊದಲು, ಕೆಲವು ನಿಮಿಷ ಬಿಟ್ಟು ಸ್ಕಿಮ್ಮರ್ ಶುರುವಾಗುವಂತೆ ಟೈಮರ್ ಹಾಕಿಸಿಕೊಳ್ಳಿ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಈ ಪಂಪುಗಳು ಗುಂಯ್‌ಗುಟ್ಟಿ ಬಿಸಿಯಾಗುತ್ತವೆ. ಪ್ಯೂರ್ ಸೈನ್ ವೇವ್ ಇಲ್ಲದಿದ್ದರೆ ಬ್ಯಾಟರಿ ಏರ್ ಪಂಪ್ ಸಾಕು.

ಹೊಸದಾಗಿ ಕೂರಿಸುವಾಗ ಅಂಗಡಿಯವರು ಮನೆಯಲ್ಲಿರುವಾಗಲೇ ನೀರಿನ ಮಟ್ಟವನ್ನು ಸ್ಕೇಲ್ ಹಿಡಿದು ಅಳೆಯಿರಿ. ನೊರೆ ಹದಕ್ಕೆ ಬರುವವರೆಗೆ ಡ್ರೈನ್ ಪೈಪ್ ಸಂಪಿನ ಒಳಕ್ಕೇ ಇರಲಿ, ಉಕ್ಕಿದರೂ ನೀರು ಅಲ್ಲಿಗೇ ಬೀಳುತ್ತದೆ. ಟಾಪ್ ಅಪ್ ಆಫ್ ಮಾಡಿ, ಬೆಳಿಗ್ಗೆ ಸಂಜೆ ಕೈಯಲ್ಲೇ ನೀರು ತುಂಬಿ. ಆಮೇಲೂ ಡ್ರಮ್ಮಿನಲ್ಲಿ ಎರಡು ದಿನಕ್ಕೆ ಬೇಕಾದಷ್ಟೇ ನೀರಿಡಿ. ಎಲ್ಲ ಕೈಕೊಟ್ಟರೂ ಅಷ್ಟು ನೀರಿನಿಂದ ಟ್ಯಾಂಕ್ ಸಾಯುವುದಿಲ್ಲ.

ಬಿಲ್ಲಿನ ಮೇಲೆ ಮಾಡೆಲ್, ವೋಲ್ಟೇಜ್, ವಾರಂಟಿ ಅವಧಿ ಬರೆಸಿಕೊಳ್ಳಿ. ನಮ್ಮ ಹತ್ತಿರ ಬಿಲ್ ಇದ್ದುದರಿಂದಲೇ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡಲು ಆಯಿತು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ. ಒದ್ದೆ ನೆಲದ ಫೋಟೋ, ರಿಫ್ರಾಕ್ಟೋಮೀಟರ್ ರೀಡಿಂಗಿನ ಫೋಟೋ ಎಲ್ಲ ಅದೇ ದಿನ ತೆಗೆದಿಟ್ಟುಕೊಳ್ಳಿ, ಒರೆಸುವ ಮೊದಲೇ.