ಡಕ್‌ಡಿಬಿ: ಆರು ತಿಂಗಳು ಬಳಸಿದ ಮೇಲೆ

ನನ್ನ ಕೆಲಸ ಮಾರಾಟದ ಲೆಕ್ಕ ಜೋಡಿಸಿ ವರದಿ ಮಾಡುವುದು. ತಿಂಗಳಿಗೊಂದು ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬರೆದ ಟೇಬಲ್), ವರ್ಷಕ್ಕೆ 12. ಎಲ್ಲವನ್ನೂ ಪೈಥಾನ್‌ನ ಪಾಂಡಾಸ್ ಲೈಬ್ರರಿಯಲ್ಲಿ ಒಟ್ಟಿಗೆ ತೆರೆದರೆ ಲ್ಯಾಪ್‌ಟಾಪಿನ ಫ್ಯಾನ್ ಕೂಗೋಕೆ ಶುರು ಮಾಡುತ್ತಿತ್ತು, ಸ್ವಲ್ಪ ಹೊತ್ತಿಗೆ ಕೋಡ್ ಓಡಿಸುವ ನೋಟ್‌ಬುಕ್ ಕೈ ಎತ್ತಿಬಿಡುತ್ತಿತ್ತು. ಹಾಗಾಗಿ ಡಕ್‌ಡಿಬಿ ಹಿಡಿದೆ. ಎಸ್‌ಕ್ಯೂಎಲ್ ಭಾಷೆಯಲ್ಲಿ ಪ್ರಶ್ನೆ (ಕ್ವೆರಿ) ಕೇಳಿ ಲೆಕ್ಕ ತೆಗೆಯುವ ಡೇಟಾಬೇಸ್ ಇದು.

ಇದಕ್ಕೆ ಸರ್ವರ್ ಬೇಡ, ಪಾಸ್‌ವರ್ಡ್ ಬೇಡ. ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್ ಥರ ನಮ್ಮ ಪ್ರೋಗ್ರಾಮಿನ ಒಳಗೇ ಓಡುತ್ತದೆ, ಆದರೆ ಡೇಟಾವನ್ನು ಸಾಲು ಸಾಲಾಗಿ ಇಡದೆ ಕಾಲಂ ಕಾಲಂ ಆಗಿ ಇಡುತ್ತದೆ. ಮೊತ್ತ, ಸರಾಸರಿ ತೆಗೆಯುವ ನಮ್ಮಂಥವರಿಗೆ ಬೇಕಿರುವುದೂ ಅದೇ. ಆಮ್‌ಸ್ಟರ್‌ಡಾಮ್‌ನ ಸಿಡಬ್ಲ್ಯುಐ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ್ದು, 2019ರಲ್ಲಿ ಮೊದಲು ಹೊರಬಂತು, 1.0 ಆವೃತ್ತಿ ಬಂದದ್ದು 2024ರ ಜೂನ್‌ನಲ್ಲಿ. ಪೂರ್ತಿ ಉಚಿತ, ಎಂಐಟಿ ಲೈಸೆನ್ಸ್. ಹೆಸರು ಕೇಳಿ ನಗಬೇಡಿ, ಮಾಡಿದವರಲ್ಲೊಬ್ಬರು ನಿಜವಾಗಿಯೂ ಬಾತುಕೋಳಿ ಸಾಕಿದ್ದರು.

12 ಫೈಲುಗಳ ಹೆಸರಿನ ಜಾಗದಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಿದರೆ ಸಾಕು, ಎಲ್ಲವನ್ನೂ ಒಂದೇ ಟೇಬಲ್ ಥರ ಓದಿಕೊಳ್ಳುತ್ತದೆ. ನಮ್ಮಲ್ಲಿ ವರ್ಷದ ಮಧ್ಯೆ ಯಾರೋ ಕಾಲಂಗಳ ಕ್ರಮ ಬದಲಿಸಿದ್ದರು, ಅದಕ್ಕೂ ಕಾಲಂಗಳನ್ನು ಹೆಸರು ನೋಡಿ ಜೋಡಿಸುವ 'ಯೂನಿಯನ್ ಬೈ ನೇಮ್' ಅಂತ ಒಂದು ಆಯ್ಕೆ ಇದೆ. ಗುಂಪು ಮಾಡಿ ಮೊತ್ತ ತೆಗೆಯುವಾಗ 'ಗ್ರೂಪ್ ಬೈ ಆಲ್' ಅಂದರೆ ಕಾಲಂಗಳ ಪಟ್ಟಿಯನ್ನು ಎರಡನೇ ಸಲ ಬರೆಯಬೇಕಿಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು 'ಕ್ವಾಲಿಫೈ'. ಒಬ್ಬ ಗ್ರಾಹಕನ ಹತ್ತು ಸಾಲುಗಳಲ್ಲಿ ಕೊನೆಯದೊಂದನ್ನೇ ಉಳಿಸಿಕೊಳ್ಳಲು ಮೊದಲು ಕ್ವೆರಿಯೊಳಗೆ ಕ್ವೆರಿ ಬರೆಯುತ್ತಿದ್ದೆ, ಈಗ ಒಂದು ಸಾಲು. ಕ್ವಾಲಿಫೈ ಸೋಸುವುದು ವಿಂಡೋ ಫಂಕ್ಷನ್‌ನ ಫಲಿತಾಂಶವನ್ನು, ಅಂದರೆ ಪ್ರತಿ ಸಾಲಿಗೂ ಅದರ ಗುಂಪಿನೊಳಗೆ ಹಾಕಿದ ಲೆಕ್ಕವನ್ನು. ವಿಂಡೋ ಫಂಕ್ಷನ್ ಅಂದರೆ ಹೆದರುತ್ತಿದ್ದವನು ನಾನು, ಅದು ತಲೆಗೆ ಹತ್ತಿದ್ದು ಇದರಿಂದಲೇ.

ಈಗ ನನ್ನ ಪೆದ್ದುತನದ ಕಥೆ. ಒಂದು ಸಲ ವರದಿ ಕಳಿಸಿದ ಮೇಲೆ ಲೆಕ್ಕದ ವಿಭಾಗದವರು ಫೋನ್ ಮಾಡಿ, 'ಸರ್, ಗ್ರಾಹಕರ ಕೋಡ್ ಒಂದೂ ತಾಳೆ ಆಗ್ತಿಲ್ಲ' ಅಂದರು. ಇದು ಡಕ್‌ಡಿಬಿಯ ಬಗ್ (ದೋಷ) ಅಂತ ನನಗೆ ಗ್ಯಾರಂಟಿ ಆಯಿತು, ರಿಪೋರ್ಟ್ ಬರೆಯಲು ಕುಳಿತೆ. ಬಗ್ ರಿಪೋರ್ಟಿಗೆ ಚಿಕ್ಕ ಉದಾಹರಣೆ ಕೊಡಬೇಕಲ್ವಾ, ಅದಕ್ಕೆ ಫೈಲನ್ನು ಕತ್ತರಿಸುತ್ತಾ ಕತ್ತರಿಸುತ್ತಾ ಐದು ಸಾಲಿಗೆ ತಂದಾಗ ಕಣ್ಣಿಗೆ ಬಿತ್ತು: ಫೈಲಿನಲ್ಲಿ 00417, ಟೇಬಲ್‌ನಲ್ಲಿ 417. ನನಗೆ ಅದು ಕೋಡ್, ಡಕ್‌ಡಿಬಿಗೆ ಅದು ಸಂಖ್ಯೆ. ನಾವು ಏನೂ ಹೇಳದಿದ್ದರೆ ಅದು 20,480 ಸಾಲು ನೋಡಿ ಯಾವ ಕಾಲಂ ಯಾವ ಬಗೆ ಅಂತ ತಾನೇ ಊಹಿಸುತ್ತದೆ. ಸೊನ್ನೆ ಉಳಿಯಬೇಕಾದರೆ ಆ ಕಾಲಂ ಪಠ್ಯ ಅಂತ ನಾವೇ ಹೇಳಬೇಕು. ಬಗ್ ರಿಪೋರ್ಟ್ ಅಳಿಸಿದೆ. ಈಗ ಯಾವ ಫೈಲ್ ಬಂದರೂ ಮೊದಲು ಕಾಲಂಗಳ ಬಗೆ ತೋರಿಸುವ 'ಡಿಸ್ಕ್ರೈಬ್', ಆಮೇಲೆ 'ಸಮ್ಮರೈಸ್'. ಕನಿಷ್ಠ, ಗರಿಷ್ಠ, ಎಷ್ಟು ಖಾಲಿ, ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ.

ಶನಿವಾರ ನಾವು ಕೆಲವರು ಸೇರಿ ಎಸ್‌ಕ್ಯೂಎಲ್ ಕಲಿಯುತ್ತೇವೆ, ಕಲಿಸುತ್ತೇವೆ. ಮೊದಲೆಲ್ಲ ಇನ್‌ಸ್ಟಾಲ್ ಮಾಡಿಸುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಡಕ್‌ಡಿಬಿಗೆ ಬ್ರೌಸರ್‌ನಲ್ಲೇ ಓಡುವ ರೂಪವೂ ಇದೆ, ಅದನ್ನು ತೆರೆದು ಹತ್ತು ನಿಮಿಷಕ್ಕೆ ಮೊದಲ ಕ್ವೆರಿ ಬರೆಸಿದೆ. ಈ ಒಂದು ಕಾರಣಕ್ಕೇ ಹೊಸಬರಿಗೆ ಕಣ್ಣು ಮುಚ್ಚಿ ಹೇಳುತ್ತೇನೆ.

ಆದರೆ ಎಲ್ಲಕ್ಕೂ ಅಲ್ಲ. ಹಲವರು ಒಟ್ಟಿಗೆ ಬರೆಯುವ ಡೇಟಾ ಇದ್ದರೆ ಪೋಸ್ಟ್‌ಗ್ರೆಸ್‌ನಂಥ ಸರ್ವರ್ ಡೇಟಾಬೇಸ್ ಬಿಡಬೇಡಿ. ಇಲ್ಲಿ ಒಂದು ಡೇಟಾಬೇಸ್ ಫೈಲಿಗೆ ಒಂದು ಹೊತ್ತಿಗೆ ಒಂದೇ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್) ಬರೆಯಬಹುದು. ಟರ್ಮಿನಲ್‌ನಲ್ಲಿ ತೆರೆದದ್ದನ್ನು ಮರೆತು ನೋಟ್‌ಬುಕ್‌ನಲ್ಲಿ ತೆರೆಯಲು ಹೋದರೆ, ಫೈಲಿಗೆ ಬೀಗ ಹಾಕಿದೆ, ಹಾಕಿದ್ದು ಇಂಥ ನಂಬರಿನ ಪ್ರೋಸೆಸ್ ಅಂತ ಬೈದು ಹೇಳುತ್ತದೆ. ಆ ನಂಬರ್ ಹುಡುಕಿಕೊಂಡು ಹೋದರೆ ಪ್ರತಿ ಸಲವೂ ನಾನೇ.