ಡಿಎನ್‌ಎ ಕಿಟ್, 3 ವರ್ಷದ ಬಳಕೆ: ಮುತ್ತಜ್ಜನ ಮೇಲೆ ಸುಮ್ನೆ ಅಪವಾದ ಹೊರಿಸಿಬಿಟ್ಟೆವು

ಉಗುಳು ಪರೀಕ್ಷಿಸಿ ನಮ್ಮ ಮೂಲ, ನೆಂಟರು ಯಾರು ಅಂತ ಹೇಳುವ ಈ ಕಿಟ್ 2022ರ ದಸರಾ ಸಮಯದಲ್ಲಿ ತರಿಸಿದೆ. ಕೊರಿಯರ್, ಅದೂ ಇದೂ ಸೇರಿ 8,000 ರೂಪಾಯಿ ಹತ್ತಿರ ಬಿತ್ತು. ಕಂಪನಿ ಹೆಸರು ಬರೆಯುವುದಿಲ್ಲ, ಮುಂದೆ ಸ್ವಲ್ಪ ಬೈಯುವುದಿದೆ. 5ಕ್ಕೆ 3 ಸ್ಟಾರ್ ಕೊಡುತ್ತೇನೆ. ಆ ಮೂರರಲ್ಲಿ ಒಂದು ನ್ಯಾಯವಾಗಿ ನಮ್ಮ ಅಜ್ಜಿಗೆ ಸೇರಬೇಕು, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಡಬ್ಬಿಯಲ್ಲಿ ಒಂದು ಸಣ್ಣ ಟ್ಯೂಬ್ ಇರುತ್ತದೆ. ಅರ್ಧ ಗಂಟೆ ಏನೂ ತಿನ್ನದೆ, ಕುಡಿಯದೆ ಇದ್ದು, ಗೆರೆ ಮುಟ್ಟುವವರೆಗೆ ಅದರೊಳಗೆ ಉಗುಳಬೇಕು. ನೊರೆ ಲೆಕ್ಕಕ್ಕಿಲ್ಲ. ಬಾಯಿ ಒಣಗಿದರೆ ಹುಣಸೆಹಣ್ಣನ್ನು ಮನಸ್ಸಿನಲ್ಲೇ ನೆನಪಿಸಿಕೊಳ್ಳಿ, ಬರುತ್ತದೆ. ನನ್ನದು ಹತ್ತು ನಿಮಿಷಕ್ಕೆ ಮುಗಿಯಿತು. ಅಜ್ಜಿಗೂ ಒಂದು ತರಿಸಿದ್ದೆ. ಆಗ ಅವರಿಗೆ 85. ಹಲ್ಲಿಲ್ಲ, ಆದರೂ ಎಲೆ ಅಡಿಕೆ ಕುಟ್ಟಾಣಿಯಲ್ಲಿ ಕುಟ್ಟಿ ಹಾಕಿಕೊಳ್ಳುವುದು ನಿಂತಿಲ್ಲ. ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಪಕ್ಕದಲ್ಲೇ ಕಾವಲು ಕೂತು ಉಗುಳಿಸಿದರೂ ಟ್ಯೂಬ್ ಒಳಗೆ ಇಳಿದದ್ದು ಕೆಂಪು ನೀರೇ. ಎರಡು ತಿಂಗಳಾದ ಮೇಲೆ ನನ್ನ ರಿಸಲ್ಟ್ ಬಂತು, ಅಜ್ಜಿಯದು ‘ಸ್ಯಾಂಪಲ್ ಸರಿಯಿಲ್ಲ’ ಅಂತ ಬಂತು. ಬದಲಿ ಕಿಟ್ ಪುಕ್ಕಟೆ ಕಳಿಸಿದರು, ಅದು ಒಳ್ಳೆಯದು.

ಮೊದಲು ತೋರಿಸುವುದು ನೀವು ಯಾವ ಪ್ರದೇಶದವರು ಎನ್ನುವ ಶೇಕಡಾವಾರು ನಕ್ಷೆ. ನನಗೆ ಬಂದದ್ದು ಹೆಚ್ಚು ಕಡಿಮೆ ಪೂರ್ತಿ ದಕ್ಷಿಣ ಏಷ್ಯಾ. ನನ್ನ ಮುಖ ನೋಡಿ ನಮ್ಮ ಮೈಸೂರಿನ ಅಗ್ರಹಾರದ ಯಾವ ಆಟೋದವನಾದರೂ ಇದನ್ನು ಪುಕ್ಕಟೆ ಹೇಳುತ್ತಿದ್ದ.

ಕೆಲಸಕ್ಕೆ ಬರುವುದು ಮ್ಯಾಚ್ ಪಟ್ಟಿ. ಅಲ್ಲಿ ಪರೀಕ್ಷೆ ಮಾಡಿಸಿದ ಬೇರೆಯವರ ಜೊತೆ ನಿಮ್ಮ ಡಿಎನ್‌ಎ ಎಷ್ಟು ಹೊಂದುತ್ತದೆ ಅಂತ ಸೆಂಟಿಮಾರ್ಗನ್ (ಡಿಎನ್‌ಎ ಅಳೆಯುವ ಒಂದು ಮಾನ) ಲೆಕ್ಕದಲ್ಲಿ ಕೊಡುತ್ತಾರೆ. ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳಾದರೆ ಸರಾಸರಿ 8ರಲ್ಲಿ 1 ಪಾಲು. ಅಜ್ಜಂದಿರು ಅಣ್ಣತಮ್ಮಂದಿರಾದರೆ 32ರಲ್ಲಿ 1, ಅಂದರೆ ಸುಮಾರು 230 ಸೆಂಟಿಮಾರ್ಗನ್. ಮುತ್ತಜ್ಜಂದಿರು ಅಣ್ಣತಮ್ಮಂದಿರಾದರೆ 128ರಲ್ಲಿ 1, ಸುಮಾರು 70. ನಮ್ಮ ಕಡೆಯವರು ಟೆಸ್ಟ್ ಮಾಡಿಸಿರುವುದೇ ಕಡಿಮೆ. ಹಾಗಾಗಿ ನನ್ನ ಪಟ್ಟಿಯಲ್ಲಿ ಇದ್ದವರೆಲ್ಲ ಬಹಳ ದೂರದವರು, ಒಬ್ಬರನ್ನು ಬಿಟ್ಟು. ಮಂಡ್ಯ ಮೂಲದವರು, ಈಗ ಅಮೆರಿಕದಲ್ಲಿ ಇದ್ದಾರೆ. ನಂಬರ್ 212. ಆ್ಯಪ್ ಹೇಳಿದ್ದು ‘ಸೆಕೆಂಡ್ ಕಸಿನ್’. ಅಂದರೆ ಅವರ ಅಜ್ಜನೂ ನಮ್ಮ ಅಜ್ಜನೂ ಒಡಹುಟ್ಟಿದವರು. ನಮ್ಮಜ್ಜ ಒಬ್ಬನೇ ಮಗ!

ಮನೆತನದ ವಂಶಾವಳಿ ಹುಡುಕುವವರ ಗುಂಪೊಂದು ನಮ್ಮದಿದೆ. ತಿಂಗಳ ಎರಡನೇ ಭಾನುವಾರ ಸರಸ್ವತಿಪುರಂನಲ್ಲಿ ಒಬ್ಬ ನಿವೃತ್ತ ಮೇಷ್ಟ್ರ ಮನೆ ಜಗಲಿಯಲ್ಲಿ ಹನ್ನೆರಡು ಹದಿಮೂರು ಜನ ಸೇರುತ್ತೇವೆ. ಒಬ್ಬರು ಹಳೇ ಕೈಬರಹ ಸರಾಗವಾಗಿ ಓದುತ್ತಾರೆ. ಇನ್ನೊಬ್ಬರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು, ಪಹಣಿ, ಮ್ಯುಟೇಷನ್ ಅಂದರೆ ಅವರನ್ನೇ ಕೇಳಬೇಕು. ನಾನು ಹೋಗಿ ಫೋನ್ ತೋರಿಸಿದೆ. ಕಾಫಿ ಬರುವಷ್ಟರಲ್ಲಿ ತೀರ್ಪು ಬಂದಿತ್ತು: ‘ನಿಮ್ಮ ಮುತ್ತಜ್ಜನಿಗೆ ಮಂಡ್ಯದಲ್ಲಿ ಇನ್ನೊಂದು ಸಂಸಾರ ಇತ್ತು ಕಣ್ರೀ.’ ಎಲ್ಲರೂ ನಕ್ಕರು, ನಾನೂ ನಕ್ಕೆ. ಬೇರೆ ಹೆಂಡತಿಯ ಮಗನ ಕಡೆಯವರಾಗಿದ್ದರೆ ನಂಬರ್ ಅರ್ಧಕ್ಕೆ ಇಳಿಯಬೇಕಿತ್ತು, ಅದು ಯಾರಿಗೂ ಹೊಳೆಯಲಿಲ್ಲ. ಸ್ಕ್ರೀನ್‌ಶಾಟ್ ವಾಟ್ಸಾಪ್ ಗುಂಪಿಗೆ ಹಾಕಿದವನು ನಾನೇ. ಅದು ಅಲ್ಲಿಂದ ಎಲ್ಲೆಲ್ಲೋ ಸುತ್ತಿ ಮೂರನೇ ದಿನ ನಮ್ಮ ಅತ್ತೆಯ ಫೋನಿಗೆ ಬಂತು. ‘ಸತ್ತು ಐವತ್ತು ವರ್ಷ ಆದ ತಾತನ ಮೇಲೆ ಇದೇನೋ ನಿಂದು?’ ಅಂದವರು ಯುಗಾದಿಗೂ ಮನೆಗೆ ಬರಲಿಲ್ಲ.

ಹುಡುಕಾಟ ಅಲ್ಲಿಂದ ಒಂದೂವರೆ ವರ್ಷ ನಡೆಯಿತು, ಅದೂ ತಪ್ಪು ದಾರಿಯಲ್ಲಿ. ನಮ್ಮ ಮನೆತನ ಹಳೇ ಕನ್ನಂಬಾಡಿಯದು. 1911ರಲ್ಲಿ ಕೆ.ಆರ್.ಎಸ್. ಅಣೆಕಟ್ಟೆ ಕೆಲಸ ಶುರುವಾಗಿ, ನೀರು ನಿಂತು, ಊರು ಮುಳುಗಿ, ಜನ ಹೊಸ ಕನ್ನಂಬಾಡಿಗೂ ಬೇರೆ ಕಡೆಗೂ ಚದುರಿದರು. 1939ರವರೆಗೆ ಮಂಡ್ಯ ಮೈಸೂರು ಜಿಲ್ಲೆಯಲ್ಲೇ ಇದ್ದದ್ದರಿಂದ ಹಳೇ ಕಾಗದಗಳನ್ನು ಮೈಸೂರಿನಲ್ಲೇ ಹುಡುಕಿದೆವು. ಶಿರಸ್ತೇದಾರರು ಎಷ್ಟು ಮಗ್ಗುಲಲ್ಲಿ ನೋಡಿದರೂ ಮುತ್ತಜ್ಜನ ಎರಡನೇ ಸಂಸಾರದ ಸುಳಿವೇ ಇಲ್ಲ. ಹಿಂದೆ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬರುತ್ತಿದ್ದ ಹೆಳವರು ತಲೆಮಾರುಗಳನ್ನು ಬಾಯಲ್ಲೇ ಹೇಳುತ್ತಿದ್ದರಂತೆ. ಅವರ ಪಾಠ ಒಂದನ್ನು ಅಪ್ಪ ಚಿಕ್ಕವರಿದ್ದಾಗ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಅದರಲ್ಲಿ ಬರೀ ಗಂಡಸರ ಹೆಸರು, ಅದೂ ನಮ್ಮ ನೇರ ಸಾಲಿನದು ಮಾತ್ರ.

ಆ್ಯಪ್‌ನಿಂದ ಇಲ್ಲಿ ಉಪಕಾರಕ್ಕಿಂತ ಕಾಟವೇ ಜಾಸ್ತಿ. ಸರ್‌ನೇಮ್ ಹಾಕದೆ ಮುಂದೆ ಬಿಡುವುದಿಲ್ಲ. ನಮಗೆಲ್ಲಿಯ ಸರ್‌ನೇಮ್, ಇನಿಷಿಯಲ್ ಹಾಕಿದೆ. ಅದೇ ಅಕ್ಷರದ ಯಾರು ಯಾರನ್ನೋ ತಂದು ‘ಇವರು ನಿಮ್ಮ ಪೂರ್ವಜರಿರಬಹುದು’ ಅನ್ನುತ್ತದೆ. ಮೊಮ್ಮಗನಿಗೆ ತಾತನ ಹೆಸರು ಇಡುವುದು ನಮ್ಮಲ್ಲಿ ಇದ್ದದ್ದೇ ಅಲ್ವಾ? ಅದು ತಾತ ಮೊಮ್ಮಗ ಇಬ್ಬರನ್ನೂ ಒಂದೇ ಮಾಡಿ, ಮುತ್ತಜ್ಜಿಯನ್ನು ಅವರ ಮೊಮ್ಮಗನಿಗೇ ಮದುವೆ ಮಾಡಿಸಿತ್ತು. ಕಸ್ಟಮರ್ ಕೇರ್‌ಗೆ ಬರೆದರೆ ಪ್ರತಿ ಸಲವೂ ಅದೇ ಅಚ್ಚಿನ ಉತ್ತರ.

ಕೊನೆಗೆ ಗಂಟು ಬಿಚ್ಚಿದ್ದು ಅಡುಗೆಮನೆಯಲ್ಲಿ. 2024ರ ಗೌರಿ ಹಬ್ಬದ ಹಿಂದಿನ ದಿನ ಅಮ್ಮ ಮೊರದ ಬಾಗಿನ ಜೋಡಿಸುತ್ತಿದ್ದರು. ಬಳೆ ಬಿಚ್ಚೋಲೆ, ಅರಿಶಿನ ಕುಂಕುಮ, ಅಕ್ಕಿ, ಬೇಳೆ, ಬೆಲ್ಲ. ಅಜ್ಜಿ ಬಾಗಿಲಿಗೆ ಒರಗಿ ಕೂತು ನೋಡುತ್ತಿದ್ದವರು ಯಾರನ್ನೂ ಕೇಳದ ಹಾಗೆ ಅಂದರು: ‘ನಮ್ಮತ್ತೆ ಇದ್ದಾಗ ಮಂಡ್ಯಕ್ಕೊಂದು ಜಾಸ್ತಿ ಕಟ್ಟೋರು.’

‘ಮಂಡ್ಯದಲ್ಲಿ ಯಾರಿಗಜ್ಜಿ?’

‘ಅವರ ತಂಗೀಗೆ. ನಿಮ್ಮ ಮುತ್ತಜ್ಜನ ತಮ್ಮನ ಹೆಂಡ್ತಿ ಅಲ್ವೇನೋ ಆವಮ್ಮ.’

ಅಣ್ಣತಮ್ಮ ಇಬ್ಬರೂ ಒಂದೇ ಮನೆಯ ಅಕ್ಕತಂಗಿಯರನ್ನು ತಂದಿದ್ದರು. ಅದೂ ಸ್ವಂತ ಸೋದರತ್ತೆಯ ಮಕ್ಕಳನ್ನೇ. ಊರು ಮುಳುಗುವಾಗ ಪರಿಹಾರದ ದುಡ್ಡಿನ ಭಾಗಕ್ಕೆ ಜಗಳವಾಗಿ ತಮ್ಮ ಮಂಡ್ಯ ಸೇರಿದ. ಮುಂದೆ ನಾಲೆ ಬಂದು ಕಬ್ಬು ಹಾಕಿ ಚೆನ್ನಾಗಿಯೇ ಬದುಕಿದ. ಆದರೆ ನಮ್ಮ ಮನೆಯಲ್ಲಿ ಅವನ ಹೆಸರು ಎತ್ತುವ ಹಾಗಿರಲಿಲ್ಲ. ಅಕ್ಕತಂಗಿಯರು ಮಾತ್ರ ಬಾಗಿನ ಬಿಡಲಿಲ್ಲ. ‘ಇಷ್ಟು ದಿನ ಯಾಕಜ್ಜಿ ಹೇಳಲಿಲ್ಲ’ ಅಂದರೆ, ‘ನೀನು ಕೇಳಿದ್ದು ತಾತನಿಗೆ ಇನ್ನೊಬ್ಬಳು ಇದ್ಲಾ ಅಂತ. ಇರಲಿಲ್ಲ, ಇರಲಿಲ್ಲ ಅಂದೆ’ ಅಂದರು.

ಈಗ ಲೆಕ್ಕ ಹಾಕಿ. ಆ ಮಂಡ್ಯದವರು ನನಗೆ ಮುತ್ತಜ್ಜನ ತಮ್ಮನ ಮರಿಮಗ, 70 ಸೆಂಟಿಮಾರ್ಗನ್ ಆಸುಪಾಸು ಬರಬೇಕು. ಮುತ್ತಜ್ಜಿಯರ ಕಡೆಯಿಂದಲೂ ಅದೇ ನಂಟು, ಅಲ್ಲಿಗೆ ಎರಡರಷ್ಟು. ಅದರ ಮೇಲೆ ಸೋದರತ್ತೆ ಮಗಳ ಮದುವೆಯದು ಒಂದಷ್ಟು. ಈ ನಂಬರ್‌ಗಳು ಸರಾಸರಿಯಿಂದ ಅತ್ತಿತ್ತ ಓಡಾಡುವುದೂ ಇದೆ, ಹಾಗಾಗಿ 212 ಏನೂ ಆಶ್ಚರ್ಯ ಅಲ್ಲ. ಸೋದರಮಾವ, ಅತ್ತೆ ಮಗಳು ಅಂತ ಮದುವೆಯಾಗುವ ನಮ್ಮ ಕಡೆ ಈ ಕಿಟ್ ಎಲ್ಲರನ್ನೂ ಒಂದು ಮೆಟ್ಟಿಲು ಹತ್ತಿರ ಎಳೆದು ತೋರಿಸುತ್ತದೆ. ನಂಬರ್ ನಂಬಿ, ಅದರ ಪಕ್ಕ ಬರೆದ ನೆಂಟಸ್ತಿಕೆ ನಂಬಬೇಡಿ. ಅಷ್ಟೂ ಸೆಂಟಿಮಾರ್ಗನ್ ಯಾವ ಯಾವ ಕ್ರೋಮೋಸೋಮಿನಲ್ಲಿ ತುಂಡು ತುಂಡಾಗಿ ಇದೆ ಅಂತ ನೋಡುವ ಸೌಲಭ್ಯ ಇದೆ. ಸಣ್ಣ ಸಣ್ಣ ತುಂಡು ಬಹಳ ಇದ್ದರೆ ಇಂಥದ್ದೇ ಒಳಗೊಳಗಿನ ನಂಟು ಇರಬಹುದು ಅಂತ ಅನುಮಾನ ಪಡಿ. ನನ್ನದರಲ್ಲಿ ಹಾಗೇ ಇತ್ತು, ನೋಡುವ ತಾಳ್ಮೆ ಇರಲಿಲ್ಲ.

ಗುಂಪಿನಲ್ಲಿ ಈಗ ಸ್ಕ್ರೀನ್‌ಶಾಟ್ ಬಂದ್. ಬದುಕಿರುವವರ ಹೆಸರು ಹೇಳುವ ಮೊದಲು ಅವರನ್ನು ಕೇಳಬೇಕು. ಯಾರಾದರೂ 25 ಪರ್ಸೆಂಟ್ ಮ್ಯಾಚ್ ತಂದರೆ ಮೊದಲು ಬಾಯಿ ಮುಚ್ಚಿಕೊಂಡು ಕೂರುತ್ತೇವೆ, ಯಾಕೆಂದರೆ ತಾತ, ಚಿಕ್ಕಪ್ಪ, ಅಪ್ಪ ಇಲ್ಲವೇ ಅಮ್ಮ ಮಾತ್ರ ಒಂದೇ ಆದ ಅಣ್ಣ ಮೂವರಿಗೂ ಬರುವುದು ಅದೇ ನಂಬರ್. ಇನ್ನೊಂದು ಮಾತು. 2023ರಲ್ಲಿ 23ಆ್ಯಂಡ್‌ಮಿ ಕಂಪನಿಯ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು, 2025ರ ಮಾರ್ಚ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ನನ್ನದು ಆ ಕಿಟ್ ಅಲ್ಲ. ಆದರೂ ಅವತ್ತೇ ನನ್ನ ಫೈಲ್ ಇಳಿಸಿಕೊಂಡು, ಸ್ಯಾಂಪಲ್ ನಾಶ ಮಾಡಿ ಅಂತ ಬರೆದೆ. ವರ್ಷದ ಚಂದಾ ಈ ಸಲ ಕಟ್ಟಿಲ್ಲ. ಮ್ಯಾಚ್ ಪಟ್ಟಿ ಚಂದಾ ಇಲ್ಲದೆಯೂ ಕಾಣುತ್ತದೆ.

ಅತ್ತೆ ಈಗ ಮಾತಾಡುತ್ತಾರೆ. ಅಜ್ಜಿಯ ಬದಲಿ ಕಿಟ್ ಇನ್ನೂ ಬೀರುವಿನಲ್ಲೇ ಇದೆ, ಅದಕ್ಕೂ ಎಕ್ಸ್‌ಪೈರಿ ಡೇಟ್ ಇರುತ್ತದೆ, ಹತ್ತಿರ ಬರುತ್ತಿದೆ. ಒಂದು ದಿನ ಎಲೆ ಅಡಿಕೆ ಬಿಡಿ ಅಂದರೆ, ‘ಇನ್ನೇನು ಬೇಕಿದ್ರೂ ಬಾಯಲ್ಲೇ ಕೇಳು, ಹೇಳ್ತೀನಿ’ ಅನ್ನುತ್ತಾರೆ.