ಎಲ್ಲಿಸ್ ದ್ವೀಪಕ್ಕೆ ಮೊದಲು ಹೋಗಿ, ಲಿಬರ್ಟಿ ಪ್ರತಿಮೆ ಆಮೇಲೆ

ನ್ಯೂಯಾರ್ಕ್ ಬಂದರಿನ ಲಿಬರ್ಟಿ ಪ್ರತಿಮೆಯನ್ನೂ ಎಲ್ಲಿಸ್ ದ್ವೀಪದ ವಲಸೆ ವಸ್ತುಸಂಗ್ರಹಾಲಯವನ್ನೂ ಒಂದೇ ದೋಣಿ ಟಿಕೆಟಿನಲ್ಲಿ ನೋಡಬಹುದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಮ್ಯಾನ್‌ಹಟನ್ನಿನ ಬ್ಯಾಟರಿ ಉದ್ಯಾನದಿಂದ ಹೊರಡುವ ದೋಣಿ ಮೊದಲು ಪ್ರತಿಮೆಯ ಬಳಿಗೆ ಒಯ್ಯುವುದರಿಂದ, ಅಲ್ಲಿ ಫೋಟೋ ತೆಗೆಯುವುದರಲ್ಲಿಯೇ ಮಧ್ಯಾಹ್ನ ಕಳೆದು, ಎಲ್ಲಿಸ್ ದ್ವೀಪ ಮುಟ್ಟುವಷ್ಟರಲ್ಲಿ ಕಾಲು ಸೋತಿರುತ್ತದೆ. ಮೊದಲ ಸಲ ನಾನೂ ಹಾಗೆಯೇ ವಸ್ತುಸಂಗ್ರಹಾಲಯವನ್ನು ಮುಕ್ಕಾಲು ಗಂಟೆಯಲ್ಲಿ ಓಡೋಡಿ ಮುಗಿಸಿದ್ದೆ. ಕಳೆದ ಬೇಸಿಗೆಯಲ್ಲಿ ಊರಿನಿಂದ ಬಂದಿದ್ದ ಅಪ್ಪ ಅಮ್ಮನನ್ನು ಕರೆದೊಯ್ದಾಗ ಈ ಕ್ರಮವನ್ನೇ ತಿರುಗಿಸಿದೆ.

ನ್ಯೂಜೆರ್ಸಿಯ ಲಿಬರ್ಟಿ ಸ್ಟೇಟ್ ಪಾರ್ಕಿನಿಂದ ಹೊರಟರೆ ಎಲ್ಲಿಸ್ ದ್ವೀಪವೇ ಮೊದಲು ಸಿಗುತ್ತದೆ. ಕಾರು ನಿಲ್ಲಿಸಲು ಜಾಗವಿದೆ, ಸಾಲೂ ಚಿಕ್ಕದು. ಅಲ್ಲಿನ 1889ರ ಹಳೆಯ ರೈಲು ನಿಲ್ದಾಣವನ್ನು ನೋಡದೆ ದೋಣಿ ಹತ್ತಬೇಡಿ, ಏಕೆಂದರೆ ಎಲ್ಲಿಸ್ ದ್ವೀಪದಲ್ಲಿ ತಪಾಸಣೆ ಮುಗಿಸಿದ ವಲಸಿಗರಲ್ಲಿ ಎಷ್ಟೋ ಮಂದಿ ಇಲ್ಲಿಂದಲೇ ರೈಲು ಹತ್ತಿ ಒಳನಾಡಿಗೆ ಹೋದರು. ಟಿಕೆಟನ್ನು ಮನೆಯಲ್ಲಿಯೇ ಕೂತು ಕಾದಿರಿಸುವುದು ಒಳ್ಳೆಯದು. ಬ್ಯಾಟರಿ ಉದ್ಯಾನದ ಬೀದಿಯಲ್ಲಿ ಟಿಕೆಟ್ ಮಾರುವವರು ಕೆಲವೊಮ್ಮೆ ಕೊಡುವುದು ದ್ವೀಪದಲ್ಲಿ ನಿಲ್ಲದೆ ಸುತ್ತು ಹಾಕಿ ಬರುವ ದೋಣಿಯ ಟಿಕೆಟ್ಟು.

1892ರಿಂದ 1954ರವರೆಗೆ ಸುಮಾರು 1.2 ಕೋಟಿ ಜನ ಎಲ್ಲಿಸ್ ದ್ವೀಪದ ಮೂಲಕ ಅಮೆರಿಕವನ್ನು ಪ್ರವೇಶಿಸಿದರು. ಮೊದಲ ಮತ್ತು ಎರಡನೆಯ ದರ್ಜೆಯ ಪ್ರಯಾಣಿಕರ ತಪಾಸಣೆ ಹಡಗಿನಲ್ಲಿಯೇ ಮುಗಿಯುತ್ತಿತ್ತು. ಇಲ್ಲಿಗೆ ಬರಬೇಕಾದವರು ಬಡವರು. ಗಂಟುಮೂಟೆ ಹೊತ್ತು ಮಹಡಿಯ ನೋಂದಣಿ ಸಭಾಂಗಣಕ್ಕೆ ಹತ್ತುವಾಗ ಯಾರು ಕುಂಟುತ್ತಾರೆ, ಯಾರಿಗೆ ಏದುಸಿರು ಬರುತ್ತದೆ ಎಂದು ವೈದ್ಯರು ಗಮನಿಸಿ, ಅನುಮಾನ ಬಂದವರ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರೆಯುತ್ತಿದ್ದರು: ಕುಂಟಿದರೆ ಎಲ್, ಹೃದಯದ ತೊಂದರೆಗೆ ಎಚ್, ಕಣ್ಣಿಗೆ ಇ. ಕಣ್ಣಿನ ಸೋಂಕು ಹುಡುಕಲು ಬೂಟಿನ ಗುಂಡಿ ಹಾಕುವ ಕೊಕ್ಕೆಯಿಂದ ರೆಪ್ಪೆ ಮಗುಚುವುದೂ ಇತ್ತು. ಮಂಡಿನೋವಿನ ಅಪ್ಪ ಕಂಬಿ ಹಿಡಿದು ನಿಧಾನವಾಗಿ ಮೇಲೆ ಬಂದವರೇ, "ನನ್ನ ಬೆನ್ನಿಗೆ ಎಲ್ ಬೀಳೋದು ಖಂಡಿತ ಕಣೋ" ಎಂದರು. ಲಿಫ್ಟ್ ಇದೆ, ಅವರು ಬೇಡವೆಂದಿದ್ದರು.

ವಂಶಾವಳಿ ಹುಡುಕುವ ಗಣಕಯಂತ್ರಗಳ ಮುಂದೆ ನಮ್ಮವರಿಗೆ ಹೆಚ್ಚು ಕೆಲಸವಿಲ್ಲ. 1917ರ ಕಾಯ್ದೆ ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗಕ್ಕೆ ಬಾಗಿಲು ಹಾಕಿತು. 1946ರಲ್ಲಿ ಭಾರತೀಯರಿಗೆ ವರ್ಷಕ್ಕೆ ನೂರು ಜನರ ಮಿತಿಯಲ್ಲಿ ಅದು ತೆರೆಯಿತು. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1965ರ ಕಾಯ್ದೆಯ ನಂತರ, ಅದೂ ವಿಮಾನದಲ್ಲಿ. ಆದರೂ ನೆಲಮಹಡಿಯಲ್ಲಿ ಪೇರಿಸಿಟ್ಟ ಹಳೆಯ ಪೆಟ್ಟಿಗೆ, ಬುಟ್ಟಿಗಳ ಮುಂದೆ ಅಮ್ಮ ಬಹಳ ಹೊತ್ತು ನಿಂತಿದ್ದರು. ವಸ್ತುಸಂಗ್ರಹಾಲಯದ ಬಗ್ಗೆ ನನ್ನ ತಕರಾರು ಒಂದೇ: ಫಲಕಗಳಲ್ಲಿ ಓದುವುದು ವಿಪರೀತ, ವಯಸ್ಸಾದವರಿಗೆ ಕೂರುವ ಜಾಗ ಸಾಲದು. ಟಿಕೆಟಿನೊಂದಿಗೇ ಸಿಗುವ ಧ್ವನಿ ಮಾರ್ಗದರ್ಶಿಯನ್ನು ಪಡೆದು ಕನಿಷ್ಠ ಮೂರು ಗಂಟೆ ಮೀಸಲಿಡಿ.

ಪ್ರತಿಮೆಗೆ ಒಂದೂವರೆ ಗಂಟೆ ಧಾರಾಳ. 1886ರಲ್ಲಿ ಉದ್ಘಾಟನೆಯಾದ ಅದರ ತಾಮ್ರದ ಹೊದಿಕೆಯ ದಪ್ಪ ಕೇವಲ 2.4 ಮಿಲಿಮೀಟರ್. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಮೂಲ ಪಂಜನ್ನು ಕೈಗೆಟುಕುವಷ್ಟು ಹತ್ತಿರದಲ್ಲಿ ಕಾಣಬಹುದು. 1916ರಲ್ಲಿ ಬ್ಲ್ಯಾಕ್ ಟಾಮ್ ಎಂಬಲ್ಲಿ, ಎಂದರೆ ಇಂದಿನ ಲಿಬರ್ಟಿ ಸ್ಟೇಟ್ ಪಾರ್ಕಿನ ಭಾಗವಾಗಿರುವ ಜಾಗದಲ್ಲಿ, ಮದ್ದುಗುಂಡುಗಳ ದಾಸ್ತಾನು ಸಿಡಿದಾಗ ಪಂಜಿಗೆ ಪೆಟ್ಟಾಯಿತು. ಆಗಿನಿಂದ ಪಂಜಿನವರೆಗೆ ಹತ್ತಲು ಯಾರನ್ನೂ ಬಿಡುತ್ತಿಲ್ಲ. ಅದೇ ಸ್ಫೋಟದಲ್ಲಿ ಎಲ್ಲಿಸ್ ದ್ವೀಪದ ಸಭಾಂಗಣದ ಚಾವಣಿಯೂ ಹಾಳಾಗಿ, ಈಗ ನಾವು ತಲೆಯೆತ್ತಿ ನೋಡುವ ಹೆಂಚಿನ ಕಮಾನು ಬಂತು. ಕಿರೀಟಕ್ಕೆ ಪೀಠದಿಂದಾಚೆ 162 ಇಕ್ಕಟ್ಟಾದ ಮೆಟ್ಟಿಲುಗಳಿವೆ, ಆ ಭಾಗಕ್ಕೆ ಲಿಫ್ಟ್ ಇಲ್ಲ, ಟಿಕೆಟನ್ನು ಬಹಳ ಮುಂಚೆಯೇ ಕಾದಿರಿಸಬೇಕು. ನಾವು ಆ ಗೋಜಿಗೆ ಹೋಗದೆ, ಬಂದರಿನ ಕಡೆ ಮುಖ ಮಾಡಿದ ಬೆಂಚಿನಲ್ಲಿ ಕುಳಿತು ಬುತ್ತಿಯ ಚಪಾತಿ ತಿಂದೆವು.